ಕನ್ನಡ ತರಗತಿ ದೋಣಿ ಹತ್ತಿದ್ದು

ಪರದೇಶದಿಂದ ಓದಲು ಬಂದವರಿಗೆ ಕನ್ನಡ ಕಲಿಸುವ ವೃತ್ತಿಯಲ್ಲಿ ನಗೆಪಾಟಲಿನ ಸಂಗತಿಗಳಿಗೆ ಬರವೆಂಬುದಿಲ್ಲ. ಒಂದರ ಆಯಾಸ ಕಳೆಯುವಷ್ಟರಲ್ಲಿ ಮತ್ತೊಂದು ಮೆಟ್ಟಿಲು ಹತ್ತಿ ಬಂದಿರುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಮ್ಮ ಸಂಸ್ಥೆ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಟ್ಯುಟೋರಿಯಲ್‌ನ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಪಿಯುಸಿ ಮಕ್ಕಳು ರಸಾಯನಶಾಸ್ತ್ರವನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿರುವಾಗ, ಮೇಲೆ ನಾನು ‘ಊಟ ಆಯಿತೇ’ ಎಂದು ಕೇಳಿದವರಿಗೆಲ್ಲ ತಿಂದದ್ದನ್ನು ವಿವರಿಸಬೇಕಾಗಿಲ್ಲವೆಂದು ಹೊರದೇಶದ ವಿದ್ಯಾರ್ಥಿಗಳಿಗೆ ತಿಳಿಹೇಳುತ್ತಿರುತ್ತೇನೆ. ಕಳೆದ ಚಳಿಗಾಲದ ತಂಡದಲ್ಲಿ ಮೂವರಿದ್ದರು: ಕೆನಡಾದ ಒಬ್ಬ ಎತ್ತರದ ಯುವಕ, ಜರ್ಮನಿಯ ಒಬ್ಬ ಯುವತಿ, ಜಪಾನಿನ ಒಬ್ಬ ಮಿತಭಾಷಿ ಯುವಕ. ಅವಧಿಯ ಕೊನೆಯಲ್ಲಿ, ಅವರನ್ನು ಕಳಿಸಿದ ಪ್ರತಿಷ್ಠಾನದ ಪರಿವೀಕ್ಷಕಿಯೊಬ್ಬರು ಬಂದು, ಇನ್ನು ಮುಂದೆ ನಮ್ಮಲ್ಲಿಗೆ ವಿದ್ಯಾರ್ಥಿಗಳನ್ನು ಕಳಿಸಬೇಕೇ ಬೇಡವೇ ಎಂದು ತೀರ್ಮಾನಿಸುವವರಿದ್ದರು. ಹಿಂದಿನ ಸಲ ಬಂದಾಗ ಅವರು, ನಮ್ಮ ಕಲಿಕೆಯೆಲ್ಲ ನಾಲ್ಕು ಗೋಡೆಗಳ ನಡುವೆಯೇ ಮುಗಿದುಹೋಗುತ್ತದೆಂದು ಆಕ್ಷೇಪಿಸಿ ಹೋಗಿದ್ದರು.

ನಮ್ಮ ನಿರ್ದೇಶಕರು ಬಹಳ ಯೋಚಿಸಿ ನನ್ನನ್ನು ಕರೆದರು.

“ಮೇಡಂ, ಕಾವೇರಿ ಇದೆಯಲ್ಲ,” ಎಂದರು.

ಇದೆ ಎಂದೆ.

“ಮಕ್ಕಳನ್ನ ದೋಣಿ ಹತ್ತಿಸಿಬಿಡೋಣ. ಬೆಳಿಗ್ಗೆ ಮೇಲಿನ ದಡದಲ್ಲಿ ಹತ್ತಲಿ, ಮಧ್ಯಾಹ್ನ ಕೆಳಗಿನ ದಡದಲ್ಲಿ ಇಳೀಲಿ. ದಾರಿಯುದ್ದಕ್ಕೂ ಕನ್ನಡದಲ್ಲೇ ಮಾತು. ಒಬ್ಬೊಬ್ಬರೂ ನದಿ ಬಗ್ಗೆ ಒಂದೊಂದು ಐತಿಹ್ಯ ಕೇಳ್ಕೊಂಡು ಬಂದು ಪರಿವೀಕ್ಷಕಿಯವರ ಮುಂದೆ ಹೇಳಲಿ. ನಾನು ಅವರನ್ನ ಕಾರಲ್ಲಿ ಕರ್ಕೊಂಡು ಕೆಳಗಿನ ದಡಕ್ಕೇ ಬಂದ್ಬಿಡ್ತೀನಿ.”

“ಐತಿಹ್ಯಗಳಿಗೆ ಆಧಾರವಿರುವುದಿಲ್ಲ, ಸರ್.”

“ಅವರಿಗೆ ಇಷ್ಟವಾದ್ರೆ ಇನ್ನು ಮೂರು ವರ್ಷ ನಾವಿರ್ತೀವಿ. ಇಲ್ದಿದ್ರೆ ಜೂನ್‌ನಿಂದ ಈ ಎರಡು ರೂಮೂ ಕೆಳಗಿನ ಟ್ಯುಟೋರಿಯಲ್‌ಗೆ. ನಿಮ್ಮನ್ನೂ ಸೇರಿಸ್ಕೊಳ್ತಾರಂತೆ, ಪಾಪ. ಹತ್ತನೇ ಕ್ಲಾಸು, ಎರಡು ಸಲ ಫೇಲಾದವರ ಸಂಜೆ ಬ್ಯಾಚು.”

ಐತಿಹ್ಯಗಳ ಬಗೆಗಿನ ನನ್ನ ಆಕ್ಷೇಪವನ್ನು ಆ ಕ್ಷಣವೇ ಹಿಂತೆಗೆದುಕೊಂಡೆ.

ಬಲ್ಲವನು

ಮೇಲಿನ ದಡದಲ್ಲಿ ನಮ್ಮನ್ನು ಎದುರುಗೊಂಡವರು ದೋಣಿಯ ತರಬೇತುದಾರರು: ನದಿಯಂಚಿನ ಊರಿನ ನಡುವಯಸ್ಸಿನ ಮನುಷ್ಯ, ತಲೆಗೆ ಟೋಪಿ, ಕೊರಳಲ್ಲಿ ಸೀಟಿ. ಅವರು ತೋರಿಸಿದ ದೋಣಿಗೆ ಕನೂ ಎಂದು ಹೆಸರು. ಬಾಳೆಹೂವಿನ ಪಕಳೆಯಂತೆ ಉದ್ದವಾಗಿ, ಎರಡೂ ತುದಿ ಚೂಪಾಗಿ, ಇಬ್ಬರು ಒಬ್ಬರ ಹಿಂದೊಬ್ಬರು ಕುಳಿತು ಹುಟ್ಟು ಹಾಕುವಂಥದು. ನಮ್ಮ ಹರಿಗೋಲಾದರೆ ಗುಂಡಗಿರುತ್ತದೆ, ಗಿರಗಿರನೆ ತಿರುಗುತ್ತದೆ, ನಿಜ. ಆದರೆ ಅದರಲ್ಲಿ ಅಂಬಿಗನಿರುತ್ತಾನೆ. ಇದರಲ್ಲಿ ಅಂಬಿಗರು ನಾವೇ.

“ಯಾರಿಗಾದ್ರೂ ಮುಂಚೆ ಅಭ್ಯಾಸ ಇದೆಯಾ?” ಎಂದು ಅವರು ಕೇಳಿದರು. ಯಾರಿಗೂ ಇರಲಿಲ್ಲ. ಆದರೆ ಯಾರು ಯಾವ ದೇಶದವರೆಂದು ವಿಚಾರಿಸುತ್ತ ಕೆನಡಾದವನ ಸರದಿ ಬಂದಾಗ ಅವರ ಮುಖ ಅರಳಿತು.

“ಕೆನಡಾನಾ? ಈ ದೋಣಿ ಅಲ್ಲೀದೇ ಅಲ್ವಾ. ಇವರಿಗೆ ಹೇಳ್ಕೊಡೋದೇನಿದೆ, ಹುಟ್ತಾನೇ ಬಂದಿರುತ್ತೆ.”

“ಸರ್, ನಮ್ಮ ಊರಿನಲ್ಲಿ ಗೋಧಿ ಇದೆ, ನದಿ ಇಲ್ಲ,” ಎಂದು ಅವನು ಮೆಲ್ಲಗೆ ಹೇಳಿದ.

“ನೋಡಿ, ಎಷ್ಟು ವಿನಯ,” ಎಂದರು ತರಬೇತುದಾರರು.

ಅವನು ನನ್ನತ್ತ ನೋಡಿದ. ನಾನು ಒಂದು ಮಾತು ಹೇಳಿ ಅವನನ್ನು ಪಾರು ಮಾಡಬಹುದಾಗಿತ್ತು. ಆದರೆ ಇದೇ ಯುವಕ ಮೊದಲ ದಿನದ ತರಗತಿಯಲ್ಲಿ, ಯೋಗಕ್ಕೆ ಹೆಸರಾದ ಮೈಸೂರಿನವರೆಂದ ಮೇಲೆ ದಿನವೂ ಬೆಳಿಗ್ಗೆ ಎಷ್ಟು ಹೊತ್ತು ತಲೆಕೆಳಗಾಗಿ ನಿಲ್ಲುತ್ತೀರಿ ಎಂದು ನನ್ನನ್ನು ಕೇಳಿದ್ದ. ನಿಲ್ಲುವುದಿಲ್ಲ ಎಂದರೆ ಅವನೂ ಅದನ್ನು ವಿನಯವೆಂದೇ ತಿಳಿದಿದ್ದ. ಒಮ್ಮೊಮ್ಮೆ ನ್ಯಾಯ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ನಾವು ಅಡ್ಡ ಹೋಗಬಾರದು.

ಹೀಗೆ ಅವನಿಗೆ ಒಂದು ದೋಣಿ ಒಂಟಿಯಾಗಿ ದಕ್ಕಿತು. ಅವನು ಅಳೆದು ತೂಗಿ ಕಾಲಿಟ್ಟು ಒಳಗಿಳಿದು, ದೋಣಿಯ ಹಿಂಭಾಗಕ್ಕೆ ಮುಖ ಮಾಡಿ, ಅಂದರೆ ನಾವು ಹೋಗಬೇಕಾದ ದಿಕ್ಕಿಗೆ ಬೆನ್ನು ತಿರುಗಿಸಿ, ಬಿಗಿಯಾಗಿ ಕುಳಿತ.

ತರಬೇತುದಾರರು ಒಂದು ಗಳಿಗೆ ದಿಟ್ಟಿಸಿ ನೋಡಿ, ಗೌರವದಿಂದ ದನಿ ತಗ್ಗಿಸಿ ಹೇಳಿದರು: “ನೋಡಿದ್ರಾ ಮೇಡಂ, ಅವರ ಪದ್ಧತಿಯೇ ಬೇರೆ.”

ಬುತ್ತಿ

ಮೂವರು ವಿದ್ಯಾರ್ಥಿಗಳೂ ಮೂರು ಮನೆಗಳಲ್ಲಿ ತಂಗಿದ್ದರು. ಒಬ್ಬ ಅಗ್ರಹಾರದಲ್ಲಿ, ಒಬ್ಬ ಲಷ್ಕರ್ ಮೊಹಲ್ಲಾದಲ್ಲಿ, ಇನ್ನೊಬ್ಬಳು ನಮ್ಮ ಸಂಸ್ಥೆಯ ಹಿಂದಿನ ಬೀದಿಯಲ್ಲಿ. ಮಧ್ಯಾಹ್ನಕ್ಕೆ ಸ್ವಲ್ಪ ಬುತ್ತಿ ಕಟ್ಟಿಕೊಡಿ ಎಂದು ಮೂರೂ ಮನೆಗಳಿಗೆ ನಾನೇ ತಿಳಿಸಿದ್ದೆ. ಮೈಸೂರಿನ ಗೃಹಿಣಿಯರಿಗೆ ‘ಸ್ವಲ್ಪ’ ಎಂದು ಹೇಳಬಾರದೆಂಬುದು ಗೊತ್ತಿದ್ದೂ ಹೇಳಿದ್ದೆ. ಮಕ್ಕಳು ಪರದೇಶದವರು, ಉಳಿದವರ ಮನೆಯಲ್ಲಿ ಏನು ಕಟ್ಟುತ್ತಾರೋ ಏನೋ ಎಂದು ಮೂವರೂ ಯೋಚಿಸಿ, ಮೂವರೂ ಇಡೀ ತಂಡಕ್ಕೆ ಸಾಲುವಷ್ಟು ಪುಳಿಯೋಗರೆ ಕಲೆಸಿದ್ದರು. ಜೊತೆಗೆ ಮೊಸರನ್ನ, ಕೋಡುಬಳೆ, ಒಂದು ಡಬ್ಬಿ ಮೈಸೂರುಪಾಕು, ನೀರಿನ ಮೇಲೆ ಶೀತವಾದೀತೆಂದು ಒಂದು ಫ್ಲಾಸ್ಕು ಮೆಣಸಿನ ಸಾರು.

“ದೋಣಿಗೆ ಇಬ್ಬರ ಭಾರ ಅಂತ ಲೆಕ್ಕ,” ಎಂದರು ತರಬೇತುದಾರರು, ಸಾಲಾಗಿ ನಿಂತ ಕ್ಯಾರಿಯರ್‌ಗಳನ್ನು ನೋಡಿ. “ಇದು ಬೀಗರೂಟ ಕಣ್ರೀ.”

ಕೊನೆಗೆ ಬುತ್ತಿಯನ್ನೆಲ್ಲ ಬಲ್ಲವನ ದೋಣಿಯಲ್ಲಿ, ಖಾಲಿಯಿದ್ದ ಆಸನಕ್ಕೆ ಕಟ್ಟಿದರು. ಹೊರಡುವ ಮುನ್ನ ಅವರು ಎಲ್ಲರಿಗೂ ಒಂದು ನಿಯಮವನ್ನು ಖಡಾಖಂಡಿತವಾಗಿ ಹೇಳಿದರು. ದೋಣಿ ಮಗುಚಿದರೆ ಯಾರೂ ಎದ್ದು ನಿಲ್ಲಲು ಹೋಗಕೂಡದು, ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ತೇಲುತ್ತಿರಬೇಕು.

ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಬಲ್ಲವನ ದೋಣಿ ದಡದ ಕಡೆಗೆ ಸರಿದು, ಮರಳಿಗೆ ಮೂತಿ ಕೊಟ್ಟು, ನಿಧಾನವಾಗಿ ಮಗ್ಗುಲಾಯಿತು. ನೀರು ಅಲ್ಲಿ ಮೊಣಕಾಲಿಗೂ ಬರುತ್ತಿರಲಿಲ್ಲ. ಕ್ಯಾರಿಯರ್‌ಗಳು ಕಟ್ಟಿದ ಹಾಗೆಯೇ ಇದ್ದವು. ಅವನು ಮಾತ್ರ ನಿಯಮದಂತೆ ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಕೈಗಳನ್ನು ಎದೆಯ ಮೇಲಿರಿಸಿಕೊಂಡು, ಬೆಣಚುಕಲ್ಲುಗಳ ಮೇಲೆ ಬೆನ್ನು ಉಜ್ಜಿಕೊಳ್ಳುತ್ತ ಅಂಗುಲ ಅಂಗುಲವಾಗಿ ಮುಂದೆ ಸಾಗತೊಡಗಿದ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಕೈಕೆಲಸ ನಿಲ್ಲಿಸಿದರು.

“ಯಾಕಪ್ಪ, ಮೈ ಹುಷಾರಿಲ್ವಾ?”

“ಚೆನ್ನಾಗಿದ್ದೇನೆ ಅಮ್ಮ. ನಿಯಮ ಪಾಲಿಸುತ್ತಿದ್ದೇನೆ,” ಎಂದ ಅವನು, ಆಕಾಶವನ್ನು ನೋಡುತ್ತ.

“ಪಾಲ್ಸಪ್ಪ, ಯಾರು ಬ್ಯಾಡ ಅಂದೋರು,” ಎಂದರು ಆಕೆ. “ನನ್ನ ಸೀರೆ ಮೇಲೆ ಮಲಗಿದ್ದೀಯ. ಸ್ವಲ್ಪ ಆ ಕಡೆ ಪಾಲ್ಸು.”

ಬಂಡೆಯ ಎರಡು ಕಡೆ

ನನ್ನ ದೋಣಿಯಲ್ಲಿ ಮುಂದೆ ಕುಳಿತವರು ಅಗ್ರಹಾರದ ಯಜಮಾನರು. ಜಪಾನಿನ ವಿದ್ಯಾರ್ಥಿ ತಂಗಿದ್ದುದು ಇವರ ಮನೆಯಲ್ಲಿ. ಎಪ್ಪತ್ತು ದಾಟಿದ ಹಿರಿಯರು, ಎದೆಯವರೆಗೆ ಬಿಳಿಯ ಗಡ್ಡ, ನಿವೃತ್ತಿಯ ನಂತರ ಊರಿನ ಕಥೆಗಳನ್ನು ಹೇಳುವುದೇ ಕಸುಬು. ಐತಿಹ್ಯಗಳು ಬೇಕಂತೆ ಎಂದು ಯಾರಿಂದಲೋ ಕೇಳಿ, ಕರೆಯದೆಯೇ ಬಂದಿದ್ದರು.

ಹತ್ತುವ ಮೊದಲು ನಾನು ತರಬೇತುದಾರರನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. “ಇಲ್ಲಿ ಮೊಸಳೆಗಳಿವೆಯೇ?”

“ಇದಾವೆ ಮೇಡಂ. ಆದ್ರೆ ಈ ಕಡೆ ಬರಲ್ಲ. ಅವಕ್ಕೆ ಆ ಕಡೆ ಬಂಡೆ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ.”

ಈ ಉತ್ತರದಲ್ಲಿ ಎಲ್ಲಿ ನೆಮ್ಮದಿ ಅಡಗಿದೆಯೆಂದು ಹುಡುಕುತ್ತಲೇ ಕೇಸರಿ ಬಣ್ಣದ ಲೈಫ್ ಜಾಕೆಟ್ ತೊಟ್ಟು ಹಿಂದೆ ಕುಳಿತೆ. ನನಗೆ ಈಜು ಬಾರದು. ದಡ ದೂರವಾದೊಡನೆ ಕಣ್ಣು ಮುಚ್ಚಿದವಳು, ತೀರಾ ಅಗತ್ಯವಿದ್ದಾಗಲ್ಲದೆ ತೆರೆಯಲಿಲ್ಲ. ಕಣ್ಣು ಮುಚ್ಚಿದರೆ ಭಯ ಕಡಿಮೆಯಾಗುವುದಿಲ್ಲ. ಭಯಪಡಬೇಕಾದ ವಸ್ತುಗಳು ಕಡಿಮೆಯಾಗುತ್ತವೆ, ಅಷ್ಟೆ.

“ಅಲ್ನೋಡಮ್ಮ ಆ ಬಂಡೆ,” ಎಂದರು ಯಜಮಾನರು. “ಸೀತಮ್ಮ ಸೀರೆ ಒಗೆದದ್ದು ಅಲ್ಲೇ.”

ನನಗೆ ಸೀತಾಮಾತೆಯ ಮೇಲೆ ಬಹಳ ಗೌರವ. ಆದ್ದರಿಂದಲೇ, ಅವರು ವನವಾಸದ ಅವಧಿಯನ್ನೆಲ್ಲ ನಮ್ಮ ಸೀಮೆಯ ಹೊಳೆಗಳಲ್ಲಿ ಬಟ್ಟೆ ಒಗೆಯುತ್ತಲೇ ಕಳೆದರೆಂದು ನಂಬಲು ಮನಸ್ಸು ಒಪ್ಪುವುದಿಲ್ಲ. ಜೋರಾಗಿ ವಾದಿಸುವ ಸ್ವಭಾವ ನನ್ನದಲ್ಲ. ವಿದ್ಯಾರ್ಥಿಗಳಿಗೆ ಇಂಥದನ್ನು ದಾಟಿಸುವಾಗ ಪ್ರತಿ ವಾಕ್ಯದ ಕೊನೆಗೂ ‘ಎಂದು ಹೇಳುತ್ತಾರೆ’ ಎಂದು ಸೇರಿಸಿ, ಆತ್ಮಸಾಕ್ಷಿಯನ್ನು ಕಾಪಾಡಿಕೊಳ್ಳುತ್ತೇನೆ. ಹಾಗೆಯೇ ಸೇರಿಸಿ, ಪಕ್ಕದ ದೋಣಿಯಲ್ಲಿದ್ದ ಜಪಾನಿನವನಿಗೆ ಕೂಗಿ ಹೇಳಿದೆ.

ತೊಂದರೆಯೇನೆಂದರೆ, ಯಜಮಾನರಿಗೆ ಕೈ ತೋರಿಸದೆ ಕಥೆ ಹೇಳಲು ಬಾರದು. ಕೈ ತೋರಿಸಲು ಹುಟ್ಟನ್ನು ಎತ್ತಬೇಕು. ಹುಟ್ಟು ಎತ್ತಿದಾಗಲೆಲ್ಲ ದೋಣಿ ತನ್ನ ಪಾಡಿಗೆ ತಾನು ಒಂದು ಸುತ್ತು ಬರುತ್ತಿತ್ತು.

“ಇಲ್ನೋಡಮ್ಮ,” ಎಂದರು ಅವರು, ಸುತ್ತು ಮುಗಿದ ಮೇಲೆ. “ಇದು ಭೀಮ ಮಂಡಿಯೂರಿ ನೀರು ಕುಡಿದ ಬಂಡೆ. ಗುರುತು ಕಾಣುತ್ತಾ?”

ಒಂದು ಕಣ್ಣು ತೆರೆದು ನೋಡಿದೆ. “ಯಜಮಾನರೇ, ಇದು ಈಗ ತಾನೇ ತೋರಿಸಿದ ಬಂಡೆಯಲ್ಲವೇ?”

ಅವರು ತಿರುಗಿ ನೋಡಿದರು, ಗಡ್ಡ ನೀವಿಕೊಂಡರು. “ಅದು ಆ ಕಡೆಯಿಂದ ಕಣಮ್ಮ. ಈ ಕಡೆಯಿಂದ ಭೀಮಂದೇ.”

ಪಕ್ಕದ ದೋಣಿಯಿಂದ ಜಪಾನಿನವನು ಕಳವಳದಿಂದ ಕೂಗಿದ: “ಮೇಡಂ, ನಾನು ಯಾವುದನ್ನು ನೆನಪಿಟ್ಟುಕೊಳ್ಳಲಿ?”

“ನೀವು ಯಾವ ಕಡೆ ಇದ್ದೀರೋ ಅದನ್ನು,” ಎಂದು ಹೇಳಿ ಕಣ್ಣು ಮುಚ್ಚಿದೆ.

ಹೋಗೋ ಬಾರೋ

ಮುಂದೆ ನದಿ ಕಿರಿದಾಗಿ, ಬಂಡೆಗಳ ನಡುವೆ ನೀರು ಸ್ವಲ್ಪ ಅವಸರದಿಂದ ಹರಿಯುವ ಜಾಗ. ಜಪಾನಿನ ಯುವಕ ಮತ್ತು ಜರ್ಮನಿಯ ಯುವತಿ ಒಂದೇ ದೋಣಿಯಲ್ಲಿದ್ದರು. ಅವನು ಮುಂದೆ, ಅವಳು ಹಿಂದೆ. ಹಿಂದಿನವರು ದಿಕ್ಕು ಹೇಳಬೇಕು, ಮುಂದಿನವರು ಅದರಂತೆ ಹುಟ್ಟು ಹಾಕಬೇಕು. ಆದರೆ ನಾನು ತರಗತಿಯಲ್ಲಿ ಮೊದಲಿನಿಂದಲೂ ಕಲಿಸಿದ್ದು, ಮೈಸೂರಿನಲ್ಲಿ ಯಾರಿಗೂ ಥಟ್ಟನೆ ಆಜ್ಞೆ ಮಾಡಕೂಡದೆಂದು. ಮೊದಲು ಕ್ಷೇಮ, ಆಮೇಲೆ ಸಂಕೋಚ, ಕೊನೆಯಲ್ಲಿ ಕೆಲಸ. ನೂರು ರೂಪಾಯಿಗೆ ಚಿಲ್ಲರೆ ಕೇಳುವುದಕ್ಕೂ ಇದೇ ಕ್ರಮ.

ಅವಳು ಬಂಡೆಯನ್ನು ಸಾಕಷ್ಟು ದೂರದಿಂದಲೇ ಕಂಡಿದ್ದಳು.

“ಕ್ಷಮಿಸಿ. ನಿಮಗೆ ಒಂದು ಮಾತು ಹೇಳಬಹುದೇ?” ಎಂದಳು.

ಮುಂದಿದ್ದವನು ಹುಟ್ಟನ್ನು ತೊಡೆಯ ಮೇಲಿಟ್ಟು, ಪೂರ್ತಿ ಹಿಂದಕ್ಕೆ ತಿರುಗಿದ. ಮಾತನಾಡುವವರಿಗೆ ಬೆನ್ನು ಕೊಡಬಾರದೆಂದೂ ಕಲಿಸಿದವಳು ನಾನೇ.

“ದಯವಿಟ್ಟು ಹೇಳಿ.”

“ನಿಮಗೆ ತೊಂದರೆ ಇಲ್ಲದಿದ್ದರೆ, ಸ್ವಲ್ಪ ಬಲಕ್ಕೆ ಹೋಗೋಣವೇ?”

“ಖಂಡಿತ ಹೋಗೋಣ. ಯಾಕೆ?”

ಯಾಕೆಂಬುದನ್ನು ಬಂಡೆಯೇ ತಿಳಿಸಿತು. ದೋಣಿ ಮಗುಚಲಿಲ್ಲ, ಬಂಡೆಯ ಮೇಲೇರಿ ಕುಳಿತುಬಿಟ್ಟಿತು. ಹಿಂದಿನಿಂದ ಬಂದ ನಮ್ಮ ದೋಣಿಗಳೂ ಅದನ್ನೇ ಆತುಕೊಂಡು ನಿಂತವು. ತರಬೇತುದಾರರು ತಮ್ಮ ಒಂಟಿ ದೋಣಿಯಲ್ಲಿ ಬಂದು, ಹಣೆ ಒರೆಸಿಕೊಂಡರು.

“ಮೇಡಂ, ಇವ್ರಿಗೆ ಹೋಗೋ ಬಾರೋ ಕಲಿಸಿಲ್ವಾ?”

“ಸಭ್ಯರ ಮಾತಲ್ಲವೆಂದು ಬಿಟ್ಟಿದ್ದೆ.”

“ಸಭ್ಯಸ್ತರು ಮುಳುಗೋಯ್ತಾರೆ ಮೇಡಂ. ಇಲ್ಲೇ ಕಲಿಸ್ಬುಡಿ.”

ನಡುಹೊಳೆಯಲ್ಲಿ, ಒಂದು ಕೈಯಿಂದ ಬಂಡೆಯನ್ನು ಹಿಡಿದುಕೊಂಡು, ನಾನು ಏಕವಚನದ ಪಾಠ ಮಾಡಿದೆ. ಯಜಮಾನರು ಉತ್ಸಾಹದಿಂದ ನೆರವಾದರು: “ಜೋರಾಗಿ ಹೇಳಮ್ಮ. ತಿರುಗಿಸೋ ಎಡಕ್ಕೆ, ಕಿವಿ ಕೇಳ್ಸಲ್ವೇನೋ.” ಜಪಾನಿನವನ ಬಾಯಿಂದ ಅದು ಕಡೆಗೂ ಹೊರಡಲಿಲ್ಲ, ತುಟಿ ಅಲುಗಿಸಿ, ತಾನೇ ಅವಮಾನಿತನಾದವನಂತೆ ತಲೆ ತಗ್ಗಿಸಿದ. ಜರ್ಮನಿಯವಳಿಗೆ ಮಾತ್ರ ಅದು ಹಸಿದವರಿಗೆ ಅನ್ನ ಸಿಕ್ಕಂತೆ ಸಿಕ್ಕಿತು. ಅಲ್ಲಿಂದ ಮುಂದೆ ಅವಳು ಯಾರನ್ನೂ ಬಿಡಲಿಲ್ಲ. ನಮ್ಮ ದೋಣಿ ಮತ್ತೊಂದು ಕಥೆಗಾಗಿ ಅಡ್ಡ ತಿರುಗಿದಾಗ, ಎಪ್ಪತ್ತು ದಾಟಿದ ಹಿರಿಯರಿಗೆ ಹಿಂದಿನಿಂದ ಗುಡುಗಿದಳು:

“ಏನೋ ನೋಡ್ತಾ ಕೂತಿದ್ದೀಯ? ಹುಟ್ಟು ಹಾಕೋ.”

ಆ ಬೆಳಗಿನಲ್ಲಿ ಮೊದಲ ಬಾರಿಗೆ ಯಜಮಾನರ ಹುಟ್ಟು ಸರಿಯಾಗಿ ನೀರಿಗೆ ಬಿತ್ತು. ಕ್ಷಮೆ ಕೇಳುವುದಕ್ಕೆ ನಾನು ತಕ್ಕ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದಾಗ ಅವರೇ ಮೆಲ್ಲಗೆ ಅಂದರು:

“ನಮ್ಮಮ್ಮ ಹೋದ್ಮೇಲೆ ನನ್ನ ಹಿಂಗೆ ಬಯ್ಯೋರೇ ಇರ್ಲಿಲ್ಲ ಕಣಮ್ಮ. ಇನ್ನೊಂದ್ಸಲ ಹೇಳೋಕೆ ಹೇಳಿ.”

ತೇಲಿ ಬಂದದ್ದು

ಜರ್ಮನಿಯವಳ ಬಳಿ ಒಂದು ಬಲೆಯ ಚೀಲವಿತ್ತು. ನಮ್ಮ ನದಿಯನ್ನು ತಾನು ಸಾಧ್ಯವಾದಷ್ಟು ಶುಚಿಗೊಳಿಸಿಯೇ ಹೋಗುವುದೆಂದು ಅವಳು ನಿರ್ಧರಿಸಿದ್ದಳು. ಪ್ಲಾಸ್ಟಿಕ್ ಬಾಟಲಿ, ಒಂಟಿ ಚಪ್ಪಲಿ, ಯಾವುದೋ ಚುನಾವಣೆಯ ಬ್ಯಾನರಿನ ಅರ್ಧ ಮುಖ, ಎಲ್ಲವೂ ಚೀಲ ಸೇರಿದ್ದವು. ಒಂದು ಹಳೆಯ ಮಂಟಪವನ್ನು ದಾಟಿದ ಮೇಲೆ, ಒಂದರ ಮೇಲೊಂದು ಕವುಚಿ ದಾರದಿಂದ ಕಟ್ಟಿದ ಎರಡು ಮೊರಗಳು ಅವಳ ಪಕ್ಕದಲ್ಲಿಯೇ ತೇಲಿ ಬಂದವು.

ನದಿಗೆ ಬಾಗಿನ ಬಿಡುವ ಪದ್ಧತಿಯನ್ನು ನಾನು ಪಾಠದಲ್ಲಿ ಸೇರಿಸಿರಲಿಲ್ಲ. ಅವಳು ಸಂದಿಯಲ್ಲಿ ಇಣುಕಿ ನೋಡಿದಳು. ಹೊಸ ಬಳೆ, ಮಡಿಕೆ ಬಿಚ್ಚದ ರವಿಕೆ ಕಣ, ಅರಿಸಿನ, ತೆಂಗಿನಕಾಯಿ. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದು ಕಸವಾಗಿರಲು ಸಾಧ್ಯವಿಲ್ಲ. ಪಾಪ, ಮಂಟಪದ ಬಳಿ ನಿಂತವರ ಕೈಯಿಂದ ಜಾರಿರಬೇಕು ಎಂದು ತೀರ್ಮಾನಿಸಿದಳು. ಆಮೇಲೆ ಅವಳ ಹೋಗೋ ಬಾರೋಗೆ ತಕ್ಕಂತೆ ಇಬ್ಬರೂ ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕಿ, ಏದುಸಿರು ಬಿಡುತ್ತ ಮಂಟಪದ ದಡಕ್ಕೆ ಮರಳಿದರು. ಏನೋ ವಿಶೇಷವಿದೆಯೆಂದು ಯಜಮಾನರೂ ದೋಣಿಯಲ್ಲಿ ನನ್ನನ್ನು ಹೊತ್ತುಕೊಂಡು ಹಿಂದೆಯೇ ಬಂದರು.

ಅಲ್ಲಿ ತಂದೆ, ತಾಯಿ, ಹೊಸದಾಗಿ ಮದುವೆಯಾದ ಮಗಳು. ಮದುವೆ ನಿರ್ವಿಘ್ನವಾಗಿ ನಡೆದದ್ದಕ್ಕೆ ಹರಕೆಯ ಬಾಗಿನ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಕಣ್ಣು ತೆರೆದಾಗ ಬಾಗಿನ ಎದುರಿಗಿತ್ತು. ಜರ್ಮನಿಯವಳು ಎರಡೂ ಕೈಗಳಿಂದ ಅದನ್ನು ಚಾಚಿ ತಲೆಬಾಗಿ ನಿಂತಿದ್ದಳು.

“ಅಮ್ಮ, ಇದು ನಿಮ್ಮ ಕೈಯಿಂದ ಜಾರಿತು,” ಎಂದಳು.



“ಬೇಡ ಅಂದ್ಳೇನೋ,” ಎಂದರು ತಂದೆ, ನದಿಯತ್ತ ನೋಡುತ್ತ.

ಮಗಳ ಮುಖ ಬಾಡಿತಂತೆ. ನಾನು ಎಲ್ಲವನ್ನೂ ವಿವರಿಸಲೆಂದು ಕಣ್ಣು ತೆರೆದೆ. ಸುತ್ತಲೂ ನೀರೇ ಕಂಡು ಮುಚ್ಚಿದೆ. ಅಷ್ಟರಲ್ಲಿ ತಾಯಿಯ ದನಿ ಕೇಳಿಸಿತು.

“ಬೇಡ ಅನ್ನೋಳಾಗಿದ್ರೆ ಮುಳುಗಿಸ್ತಿರ್ಲಿಲ್ವಾ? ಇಸ್ಕೊಂಡು, ತುಂಬಿಸಿ ವಾಪಸ್ ಕಳಿಸವ್ಳೆ. ಮಡಿಲಿಗೆ ಹಾಕ್ಕೋ ಮಗಳೇ.”

ದಾರ ಬಿಚ್ಚಿದ ಸದ್ದು. “ನಾವಿಟ್ಟಿದ್ದೇ ಇದೆ ಕಣೇ,” ಎಂದರು ತಂದೆ.

“ಒಂದು ಬಳೆ ಜಾಸ್ತಿ ಇದೆ, ನೋಡಿ.”

“ಇಡೋವಾಗ ಎಣಿಸಿದ್ಯಾ?”

“ಎಣಿಸಿರ್ಲಿಲ್ಲ. ಅದಕ್ಕೇ ಹೇಳ್ತಿರೋದು.”

ಐತಿಹ್ಯಗಳಿಗೆ ಆಧಾರವಿರುವುದಿಲ್ಲವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹುಟ್ಟುವಾಗ ಹೆಚ್ಚುವರಿ ಬಳೆಯೊಂದರಷ್ಟಾದರೂ ಇರುತ್ತದೆಂದು ಕಾಣುತ್ತದೆ.

ತಪ್ಪೊಪ್ಪಿಗೆ

ನದಿ ಬಳಸಿ ಬಳಸಿ ಹರಿಯುತ್ತದೆ, ರಸ್ತೆ ನೇರವಾಗಿದೆ. ನಾವು ಹೊಂಗೆಮರದ ಕೆಳಗೆ ಮೂರು ಮನೆಗಳ ಪುಳಿಯೋಗರೆಯೊಡನೆ ಹೆಣಗುತ್ತಿದ್ದಾಗ, ಆ ಕುಟುಂಬ ಆಟೊ ಹತ್ತಿ, ಕೆಳಗಿನ ದಡದ ಟೀ ಅಂಗಡಿಯಲ್ಲಿ ಟೀ ಕುಡಿದು, ನಡೆದದ್ದನ್ನೆಲ್ಲ ಹೇಳಿ ಹೋಗಿತ್ತು. ಇದು ನಮಗೆ ಆಮೇಲೆ ತಿಳಿದದ್ದು.

ದಡ ಸೇರಿದಾಗ ಪರಿವೀಕ್ಷಕಿಯವರು ಟೀ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಕನ್ನಡವನ್ನು ಚೆನ್ನಾಗಿ ಬಲ್ಲವರು. ಅವರ ಬೆನ್ನ ಹಿಂದೆ ನಮ್ಮ ನಿರ್ದೇಶಕರು, ಇಸ್ತ್ರಿ ಕೆಡದ ಅಂಗಿಯಲ್ಲಿ. ನಾನು ಲೈಫ್ ಜಾಕೆಟ್ ಕಳಚಿ, ಸೆರಗು ಸರಿಪಡಿಸಿಕೊಂಡು, ಮನುಷ್ಯಳಂತೆ ಕಾಣಲು ಪ್ರಯತ್ನಿಸುತ್ತ ಒಂದು ಬದಿಗೆ ನಿಂತೆ.

ಜಪಾನಿನವನು ಭೀಮನ ಬಂಡೆಯ ಕಥೆ ಹೇಳಿದ. ಯಾರು ಹೇಳಿದ್ದೆಂದು ಕೇಳಿದಾಗ ಯಜಮಾನರನ್ನು ತೋರಿಸಿದ. ಜರ್ಮನಿಯವಳು ಸೀತಮ್ಮನ ಬಂಡೆಯ ಕಥೆ ಹೇಳಿ, ಯಜಮಾನರನ್ನು ತೋರಿಸಿದಳು. ಕೆನಡಾದವನು ಬಾಯಿ ತೆರೆಯುವ ಮೊದಲೇ ಯಜಮಾನರನ್ನು ತೋರಿಸಿದ.

“ಮೂವರೂ ಒಬ್ಬರನ್ನೇ ಕೇಳಿದ್ದೀರಿ,” ಎಂದರು ಪರಿವೀಕ್ಷಕಿ. “ಜನರೊಡನೆ ಬೆರೆತದ್ದು ಎಲ್ಲಿ? ಇದನ್ನು ನಿಮ್ಮ ಕೋಣೆಯಲ್ಲಿ ಕುಳಿತೇ ಕೇಳಬಹುದಿತ್ತಲ್ಲವೇ?”

ನಿರ್ದೇಶಕರ ಮುಖ ಇಳಿಯಿತು. ನನಗೆ ಸಂಜೆ ಬ್ಯಾಚಿನ ಬೆಂಚುಗಳು ಒಂದೊಂದಾಗಿ ಕಣ್ಣಿಗೆ ಕಟ್ಟತೊಡಗಿದವು.

ಅಷ್ಟರಲ್ಲಿ ಟೀ ಅಂಗಡಿಯಾಕೆ ಲೋಟಗಳ ತಟ್ಟೆ ಹಿಡಿದು ಬಂದರು. “ಕಥೆ ಬೇಕಾ ನಿಮ್ಗೆ? ನಾನ್ಹೇಳ್ತೀನಿ ಕೇಳಿ. ಮೇಲಿನ ಮಂಟಪದ ತಾವ ಒಬ್ರು ಬಾಗಿನ ಬಿಟ್ರಂತೆ. ಗಂಗಮ್ಮ ಅದನ್ನ ಇಸ್ಕೊಂಡು, ಏಳು ವರ್ಷದ ಹೆಣ್ಮಗು ಆಗಿ ನೀರಿನ್ಮೇಲೆ ನಡ್ಕೊಂಡು ಬಂದು ವಾಪಸ್ ಕೊಟ್ಳಂತೆ. ಹಿಂದ್ಗಡೆ ದೊಡ್ಡಮ್ಮ ಕೂತಿದ್ಳಂತೆ. ಕೇಸರಿ ಮೈ, ಧ್ಯಾನದಲ್ಲಿ ಕಣ್ಣೇ ಬಿಡ್ನಿಲ್ವಂತೆ. ಬಿಳೀ ಗಡ್ಡದ ಋಷಿ ಒಬ್ಬ ಹುಟ್ಟು ಹಾಕ್ತಿದ್ನಂತೆ. ಮೊರ ಬಿಚ್ಚಿದ್ರೆ ತುಂಬಾ ಚಿನ್ನದ ಬಳೆ.”

ಪರಿವೀಕ್ಷಕಿ ಕುರ್ಚಿಯ ತುದಿಗೆ ಸರಿದಿದ್ದರು. ಜರ್ಮನಿಯವಳು ನನ್ನ ಕಿವಿಯ ಬಳಿ ಬಗ್ಗಿದಳು.

“ಮೇಡಂ, ಆ ಮಗು ನಾನಾ?”

“ಇರಬೇಕು.”

“ನನಗೆ ಏಳು ವರ್ಷವಾ?”

“ಸುಮ್ಮನಿರಿ.”

“ಇದು ಹಳೆಯ ಕಥೆಯೇ?” ಎಂದು ಪರಿವೀಕ್ಷಕಿ ಕೇಳಿದರು. ಅಂಗಡಿಯಾಕೆ ಉತ್ತರಿಸುವ ಮೊದಲೇ ಯಜಮಾನರು ಮುಂದೆ ಬಂದರು. ತಮ್ಮನ್ನು ಯಾರೂ ಇದುವರೆಗೆ ಋಷಿ ಎಂದಿರಲಿಲ್ಲ.

“ಬಹಳ ಹಳೇದು,” ಎಂದರು ಗಡ್ಡ ನೀವುತ್ತ. “ನಮ್ಮಜ್ಜಿ ಹೇಳ್ತಿದ್ರು.”

ಪರಿವೀಕ್ಷಕಿ ನನ್ನತ್ತ ತಿರುಗಿದರು. “ಮೇಡಂ, ನೀವು ಆಧಾರವಿಲ್ಲದ್ದನ್ನು ಒಪ್ಪುವವರಲ್ಲವೆಂದು ಕೇಳಿದ್ದೇನೆ. ಈ ಕಥೆಯ ಬಗ್ಗೆ ನೀವೇನು ಹೇಳುತ್ತೀರಿ?”

ಅವರ ಹಿಂದಿನಿಂದ ನಿರ್ದೇಶಕರು ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು. ಸುಳ್ಳು ಹೇಳುವುದು ನನ್ನಿಂದಾಗದು; ಪೂರ್ತಿ ನಿಜ ಹೇಳಿದರೆ, ನಮ್ಮ ವಿದ್ಯಾರ್ಥಿಗಳು ಒಂದು ಮನೆಯ ಹರಕೆಯನ್ನು ಕಸದೊಡನೆ ಆರಿಸಿದರೆಂದು ಒಪ್ಪಿಕೊಂಡಂತೆ. ಎರಡರ ನಡುವೆ, ಯಾರಿಗೂ ಹಾನಿಯಾಗದಷ್ಟು ಸತ್ಯವನ್ನು ಆಯ್ದುಕೊಂಡೆ.

“ಆ ದೊಡ್ಡಮ್ಮ ಕಣ್ಣು ಮುಚ್ಚಿದ್ದು ಧ್ಯಾನಕ್ಕಲ್ಲ,” ಎಂದೆ. “ನೀರಿನ ಹೆದರಿಕೆಗೆ. ಇಷ್ಟನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ.”

ಅಂಗಡಿಯಾಕೆ ತಟ್ಟೆಯನ್ನು ಕೆಳಗಿಟ್ಟರು.

“ಗಂಗಮ್ಮನ ದೊಡ್ಡಮ್ಮಂಗೇ ನೀರಂದ್ರೆ ಎದರಿಕೆನಾ? ಬಿಡ್ತು ಅನ್ನಿ.”

ನಾನು ಟೀ ಲೋಟದತ್ತ ಕೈ ಚಾಚಿದೆ.

“ಅನ್ನಿ ಅಂದ್ರೆ. ಕೆನ್ನೆ ಬಡ್ಕೊಂಡು ತಪ್ಪಾಯ್ತು ತಾಯಿ ಅನ್ನಿ. ಓದ್ದೋರೇ ಇಂಗಂದ್ರೆ ಎಂಗೆ?”

ಪರಿವೀಕ್ಷಕಿಯವರು ನನ್ನನ್ನೇ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ನಿರ್ದೇಶಕರು ಎರಡೂ ಕೈಗಳಿಂದ ತಮ್ಮ ಕೆನ್ನೆಗಳನ್ನು ಮೆಲ್ಲಗೆ ತಟ್ಟಿ ತೋರಿಸುತ್ತ, ದೈನ್ಯದಿಂದ ನನಗೆ ಸನ್ನೆ ಮಾಡುತ್ತಿದ್ದರು. ನಾನು ಕೈ ಅಡ್ಡ ಮಾಡಿ, ಎರಡೂ ಕೆನ್ನೆ ತಟ್ಟಿಕೊಂಡೆ.

“ಬಿಡ್ತು,” ಎಂದೆ. “ತಪ್ಪಾಯ್ತು ತಾಯಿ.”

ಗುರುಗಳು ಮಾಡಿದ್ದನ್ನು ಮಾಡಿಯೇ ಕಲಿತ ನನ್ನ ಮೂವರು ವಿದ್ಯಾರ್ಥಿಗಳೂ ಸಾಲಾಗಿ ನಿಂತು ಕೆನ್ನೆ ತಟ್ಟಿಕೊಂಡು, ಸ್ಪಷ್ಟವಾದ ಕನ್ನಡದಲ್ಲಿ ತಪ್ಪಾಯಿತು ತಾಯಿ ಎಂದರು. ಯಜಮಾನರೂ ಅಂದರು. ಪರಿವೀಕ್ಷಕಿಯವರು ಕುರ್ಚಿಯಿಂದ ಎದ್ದು, ಕನ್ನಡಕ ತೆಗೆದು, ತಾವೂ ಎರಡೂ ಕೆನ್ನೆ ತಟ್ಟಿಕೊಂಡು, ನಂಬದವರೊಬ್ಬರು ಜನರ ನಂಬಿಕೆಗೆ ಹೀಗೆ ತಲೆಬಾಗುವುದನ್ನು ತಾವು ಎಲ್ಲಿಯೂ ಕಂಡಿಲ್ಲವೆಂದರು. ಇನ್ನು ಮೂರು ವರ್ಷ ವಿದ್ಯಾರ್ಥಿಗಳು ಬರುತ್ತಾರೆ, ಪ್ರತಿ ವರ್ಷವೂ ಈ ದೋಣಿಯಾನ ಪಾಠದ ಭಾಗವಾಗಿರಬೇಕು, ನನ್ನ ನೇತೃತ್ವದಲ್ಲಿಯೇ, ಎಂದೂ ಅಲ್ಲಿಯೇ ಹೇಳಿದರು.

ಸಂತೋಷ ತಡೆಯಲಾರದೆ ನಿರ್ದೇಶಕರು ನದಿಯ ಕಡೆ ತಿರುಗಿ, ಈ ಸಲ ಸನ್ನೆಗಲ್ಲ, ನಿಜವಾಗಿಯೇ ಪಟಪಟನೆ ಕೆನ್ನೆ ಬಡಿದುಕೊಂಡರು. “ತಪ್ಪಾಯ್ತು ದೊಡ್ಡಮ್ಮ, ನಿನ್ನ ಮಹಿಮೆ ಅರಿಯದೆ ಏನೇನೋ ಅಂದ್ಕೊಂಡಿದ್ದೆ,” ಎಂದರು.

ನಮ್ಮ ನಿರ್ದೇಶಕರು ನನ್ನ ಬಳಿ ತಪ್ಪೊಪ್ಪಿಕೊಂಡದ್ದು ಇಷ್ಟು ವರ್ಷಗಳ ಸೇವೆಯಲ್ಲಿ ಅದೊಂದೇ ಸಲ. ಯಾರ ಬಳಿ ಒಪ್ಪಿಕೊಂಡರೆಂಬುದು ಮಾತ್ರ ಅವರಿಗೆ ಇಂದಿಗೂ ತಿಳಿಯದು.